ಕೀಲಿನ ಸವೆತವನ್ನು ಅರುಹುವ ಪ್ರತಿಧ್ವನಿ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವವರು ಅದನ್ನು ಬೆರಳಿನ ಗಣ್ಣಿನಿಂದ ತಟ್ಟಿ ನೋಡುವುದು ವಾಡಿಕೆ. ಗಟ್ಟಿ ಮಡಕೆ ಠಣ್ಣೆಂದು ನುಡಿಯುತ್ತದೆ; ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿದ್ದರೂ ಸದ್ದು ಒಡಕಾಗುತ್ತದೆ. ಹೀಗೆ ಒಳಗಿನ ದೋಷವನ್ನು ಧ್ವನಿಯಿಂದ ಅರಿಯುವ ಉಪಾಯ ವೈದ್ಯಶಾಸ್ತ್ರಕ್ಕೂ ಹೊಸದಲ್ಲ. ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ, ಹೊರಡುವ ಸದ್ದಿನಿಂದ ಒಳಗಿನ ಸ್ಥಿತಿಯನ್ನು ಊಹಿಸುವ ವಿಧಾನವನ್ನು ಆಸ್ಟ್ರಿಯದ ವೈದ್ಯ ಆವೆನ್‌ಬ್ರುಗರ್ 1761ರಲ್ಲಿಯೇ ಪ್ರಕಟಿಸಿದನು. ಇಂದು ಮಂಡಿಯ ಕೀಲಿನೊಳಕ್ಕೆ ಧ್ವನಿಯನ್ನು ಕಳುಹಿಸಿ, ಕೆಲವೇ ಮಿಲಿಮೀಟರು ದಪ್ಪದ ಒಂದು ಹೊದಿಕೆಯ ಕ್ಷೇಮವನ್ನು ವಿಚಾರಿಸುವುದು ಸಾಧ್ಯವಾಗಿದೆ. ಆದರೆ ಈ ಧ್ವನಿ ನಮ್ಮ ಕಿವಿಗೆ ಕೇಳಿಸತಕ್ಕುದಲ್ಲ. ಅದು ಹಿಂದಿರುಗಿ ತರುವ ಪ್ರತಿಧ್ವನಿಯನ್ನು ಯಂತ್ರವೇ ಆಲಿಸಬೇಕು.

ನೋವನ್ನು ಹೇಳದ ಹೊದಿಕೆ

ಮಂಡಿಯಲ್ಲಿ ತೊಡೆಯ ಮೂಳೆಯೂ ಮೊಳಕಾಲಿನ ಮೂಳೆಯೂ ಸಂಧಿಸುತ್ತವೆಯಷ್ಟೆ. ಇವೆರಡೂ ಒಂದನ್ನೊಂದು ನೇರವಾಗಿ ಉಜ್ಜುವುದಿಲ್ಲ. ಪ್ರತಿಯೊಂದು ಮೂಳೆಯ ತುದಿಗೂ ಸುಮಾರು 2ರಿಂದ 4 ಮಿಲಿಮೀಟರು ದಪ್ಪದ, ಮುತ್ತಿನಂತೆ ನುಣುಪಾದ ಹೊದಿಕೆಯುಂಟು. ಇದಕ್ಕೆ ಮೃದ್ವಸ್ಥಿ ಎಂದು ಹೆಸರು. ಇದರ ತೂಕದಲ್ಲಿ ನೂರಕ್ಕೆ 65ರಿಂದ 80 ಪಾಲು ನೀರೇ. ಆ ನೀರನ್ನು ಹೀರಿ ಹಿಡಿದುಕೊಳ್ಳುವವು ಪ್ರೋಟಿಯೋಗ್ಲೈಕಾನ್ ಎಂಬ ದೊಡ್ಡ ಅಣುಗಳು. ಈ ಅಣುಗಳು ಉಬ್ಬಿ ಹರಡಿಹೋಗದಂತೆ ಬಿಗಿದಿಡುವುದು ಕೊಲಾಜೆನ್ ಎಂಬ ನಾರಿನ ಬಲೆ. ನೀರು ಮತ್ತು ಬಲೆ ಇವೆರಡರ ಸಹಕಾರದಿಂದಲೇ ಮೃದ್ವಸ್ಥಿಯು ದೇಹದ ಭಾರವನ್ನು ತಾಳಿಕೊಂಡು, ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತಲೂ ಸುಲಭವಾಗಿ ಜಾರುತ್ತದೆ.

ಈ ಅದ್ಭುತ ಹೊದಿಕೆಗೆ ಎರಡು ಕೊರತೆಗಳಿವೆ. ಅದರಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದ ಗಾಯವಾದರೆ ಚರ್ಮದಂತೆ ಮಾಯುವುದಿಲ್ಲ. ಅದರಲ್ಲಿ ನರಗಳೂ ಇಲ್ಲ. ಆದ್ದರಿಂದ ಸವೆಯುತ್ತಿದ್ದರೂ ನೋವೆಂಬ ಎಚ್ಚರಿಕೆಯನ್ನು ಕೊಡಲಾರದು. ಕೆಳಗಿನ ಮೂಳೆಗೋ ಕೀಲಿನ ಒಳಪೊರೆಗೋ ತೊಂದರೆ ತಟ್ಟಿದಾಗಲೇ ನೋವು ತಲೆದೋರುತ್ತದೆ. ಅಸ್ಥಿಸಂಧಿವಾತ ಎಂಬ ಈ ಕೀಲುಬೇನೆಯಿಂದ 2019ರಲ್ಲಿ ಪ್ರಪಂಚದಲ್ಲಿ ಸುಮಾರು 52 ಕೋಟಿ 80 ಲಕ್ಷ ಜನ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಇದು ಹೆಚ್ಚಾಗಿ ತಗಲುವುದು ಮಂಡಿಗೇ.

ಹಾಗಾದರೆ ಕ್ಷ-ಕಿರಣದ ಚಿತ್ರ ಸಾಲದೇ ಎಂದು ಕೇಳಬಹುದು. ಕ್ಷ-ಕಿರಣವನ್ನು ಮೂಳೆ ಚೆನ್ನಾಗಿ ತಡೆಯುತ್ತದೆ; ಮೃದ್ವಸ್ಥಿಯಾದರೋ ಸುತ್ತಲಿನ ಮಾಂಸದಂತೆಯೇ ಅದನ್ನು ಬಹುಮಟ್ಟಿಗೆ ಹಾಯಗೊಡುತ್ತದೆ. ಆದಕಾರಣ ಚಿತ್ರದಲ್ಲಿ ಎರಡು ಮೂಳೆಗಳ ನಡುವೆ ಬರಿಯ ಸಂದೊಂದು ಕಾಣುತ್ತದೆಯೇ ಹೊರತು ಹೊದಿಕೆ ಕಾಣುವುದಿಲ್ಲ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಬ್ರಿಟಿಷ್ ವೈದ್ಯರು ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಶ್ರೇಣಿಯು ಈ ಸಂದು ಕಿರಿದಾಗುವುದನ್ನೂ ಮೂಳೆಯ ಅಂಚಿನಲ್ಲಿ ಮುಳ್ಳುಗಳು ಬೆಳೆಯುವುದನ್ನೂ ಮುಖ್ಯವಾಗಿ ಅವಲಂಬಿಸಿದೆ. ಸಂದು ಕಿರಿದಾಗುವ ಹೊತ್ತಿಗೆ ಹೊದಿಕೆಗೆ ಆಗಬಾರದ ನಷ್ಟ ಆಗಿಹೋಗಿರುತ್ತದೆ.

ಇಷ್ಟು ಹೆಚ್ಚಿನ ಆವೃತ್ತಿ ಏಕೆ?

ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳಿರುವ ಧ್ವನಿ ಮಾತ್ರ ನಮಗೆ ಕೇಳಿಸುತ್ತದೆ. ಇದಕ್ಕೆ ಮೀರಿದ್ದು ಶ್ರವಣಾತೀತ ಧ್ವನಿ. ಅದನ್ನು ಹುಟ್ಟಿಸುವ ಉಪಾಯಕ್ಕೆ ಮೂಲ 1880ರ ಒಂದು ಶೋಧನೆ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮುಖಗಳಲ್ಲಿ ವಿದ್ಯುತ್ತು ತೋರುವುದೆಂದು ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯೇರ್ ಕ್ಯೂರಿ ಸಹೋದರರು ಕಂಡುಹಿಡಿದರು. ಇದರ ವಿಪರ್ಯಯವೂ ನಿಜ. ಹರಳಿಗೆ ವಿದ್ಯುತ್ತಿನ ಮಿಡಿತವನ್ನು ಕೊಟ್ಟರೆ ಅದು ಕಂಪಿಸಿ ಧ್ವನಿಯನ್ನು ಹೊರಡಿಸುತ್ತದೆ. ಹೀಗೆ ಒಂದೇ ಫಲಕವು ಬಾಯಿಯೂ ಕಿವಿಯೂ ಆಗಬಲ್ಲದು. ಆಸ್ಟ್ರಿಯದ ಕಾರ್ಲ್ ಡುಸಿಕ್ 1942ರಲ್ಲಿ ಈ ಧ್ವನಿಯನ್ನು ಮಿದುಳಿನ ಪರೀಕ್ಷೆಗೆ ಬಳಸಿದನು. 1958ರಲ್ಲಿ ಅವನೂ ಸಂಗಡಿಗರೂ ಕೀಲಿನ ಅಂಗಾಂಶಗಳು ಶ್ರವಣಾತೀತ ಧ್ವನಿಯನ್ನು ಎಷ್ಟೆಷ್ಟು ಹೀರುತ್ತವೆಂಬುದನ್ನು ಅಳೆದು ಪ್ರಕಟಿಸಿದರು.

ಧ್ವನಿಯ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುತ್ತದೆಂದು ನಾವು ಓದಿದ್ದೇವೆ. ದೇಹದ ಮೃದು ಭಾಗಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. ಆವೃತ್ತಿ 1,000 ಆಗಿದ್ದರೆ ತರಂಗದೂರ ಒಂದೂವರೆ ಮೀಟರಿಗೂ ಹೆಚ್ಚು! ಅಷ್ಟು ಉದ್ದದ ಅಲೆಯಿಂದ ಮೂರು ಮಿಲಿಮೀಟರಿನ ಹೊದಿಕೆಯನ್ನು ಅಳೆಯುವುದು ಗಜಕೋಲಿನಿಂದ ಸಾಸಿವೆಯನ್ನು ಅಳೆಯಹೊರಟಂತೆ. ಆವೃತ್ತಿಯನ್ನು ಸೆಕೆಂಡಿಗೆ 1 ಕೋಟಿಗೆ, ಎಂದರೆ 10 ಮೆಗಾಹರ್ಟ್ಸಿಗೆ ಏರಿಸಿದರೆ ತರಂಗದೂರ 0.15 ಮಿಲಿಮೀಟರಿಗೆ ಇಳಿಯುತ್ತದೆ. ಈಗ ಅಳತೆಗೋಲು ವಸ್ತುವಿಗೆ ತಕ್ಕುದಾಯಿತು.

ಎರಡು ಗೆರೆಗಳ ನಡುವಣ ಕತ್ತಲೆ

ಧ್ವನಿಯು ಒಂದು ಮಾಧ್ಯಮದಿಂದ ಇನ್ನೊಂದನ್ನು ಹೊಗುವಾಗ ಅದರ ಒಂದಂಶ ಹಿಂದಿರುಗುತ್ತದೆ. ಎಷ್ಟು ಅಂಶವೆಂಬುದು ಎರಡೂ ಮಾಧ್ಯಮಗಳ ಸಾಂದ್ರತೆ ಮತ್ತು ಧ್ವನಿವೇಗಗಳ ಗುಣಲಬ್ಧದಲ್ಲಿರುವ ವ್ಯತ್ಯಾಸವನ್ನು ಅವಲಂಬಿಸಿದೆ. ಗಾಳಿಗೂ ಚರ್ಮಕ್ಕೂ ಈ ವ್ಯತ್ಯಾಸ ವಿಪರೀತ. ಗಾಳಿಯ ತೆಳುಪದರ ನಡುವೆ ಉಳಿದರೂ ಧ್ವನಿಯೆಲ್ಲ ಅಲ್ಲಿಂದಲೇ ಹಿಂದಿರುಗುತ್ತದೆ. ಪರೀಕ್ಷೆಗೆ ಮೊದಲು ಚರ್ಮಕ್ಕೆ ಲೋಳೆಯಂಥ ದ್ರವವನ್ನು ಬಳಿಯುವುದು ಇದಕ್ಕಾಗಿಯೇ. ಕೀಲಿನ ರಸಕ್ಕೂ ಮೃದ್ವಸ್ಥಿಗೂ ವ್ಯತ್ಯಾಸ ಅತ್ಯಲ್ಪ. ಅಲ್ಲಿ ಹಿಂದಿರುಗುವುದು ಶಕ್ತಿಯ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಮೃದ್ವಸ್ಥಿಯನ್ನು ದಾಟಿ ಮೂಳೆಯನ್ನು ಮುಟ್ಟಿದಾಗ ಇದರ ಹಲವು ಪಟ್ಟು ಹಿಂದಿರುಗುತ್ತದೆ.

ಈ ಎರಡು ಪ್ರತಿಧ್ವನಿಗಳ ನಡುವಣ ಕಾಲವೇ ನಮಗೆ ಬೇಕಾದ ಅಳತೆ. ಉದಾಹರಣೆಗೆ, ಮೃದ್ವಸ್ಥಿಯಲ್ಲಿ ಧ್ವನಿವೇಗ ಸೆಕೆಂಡಿಗೆ 1,600 ಮೀಟರೆಂದೂ ಎರಡು ಪ್ರತಿಧ್ವನಿಗಳ ಅಂತರ ಸೆಕೆಂಡಿನ ಹತ್ತು ಲಕ್ಷದಲ್ಲಿ 3 ಪಾಲೆಂದೂ ಇಟ್ಟುಕೊಳ್ಳೋಣ. ಧ್ವನಿಯು ಹೋಗಿಬಂದ ದೂರ 4.8 ಮಿಲಿಮೀಟರು, ಹೊದಿಕೆಯ ದಪ್ಪ ಅದರ ಅರ್ಧ, 2.4 ಮಿಲಿಮೀಟರು.

ಮಂಡಿಯನ್ನು ಪೂರ್ತಿ ಮಡಿಸಿದಾಗ ಮಂಡಿಚಿಪ್ಪು ಕೆಳಕ್ಕೆ ಸರಿದು ತೊಡೆಮೂಳೆಯ ಮುಂಭಾಗದ ಹೊದಿಕೆ ಪರೀಕ್ಷೆಗೆ ಒದಗುತ್ತದೆ. ಆರೋಗ್ಯವಾಗಿರುವ ಕೀಲಿನಲ್ಲಿ ಎರಡು ಚೊಕ್ಕ ಬಿಳಿಯ ಗೆರೆಗಳೂ ನಡುವೆ ಕಪ್ಪು ಪಟ್ಟಿಯೂ ಕಾಣುತ್ತವೆ. ಪಟ್ಟಿ ಕಪ್ಪಾಗಿರುವುದು ಅದರೊಳಗೆ ಪ್ರತಿಧ್ವನಿಸುವ ಒಡಕುಗಳಿಲ್ಲವೆಂಬುದರ ಗುರುತು. ಬೇನೆ ಮೊದಲಾದಾಗ ಏನಾಗುತ್ತದೆ? ಮೇಲ್ಮೈಯ ನಾರುಗಳು ಬಿಡಿಬಿಡಿಯಾಗಿ ಎಳೆಯೆದ್ದ ಬಟ್ಟೆಯಂತಾಗುತ್ತವೆ. ನಿಶ್ಚಲವಾದ ಕೆರೆಯಲ್ಲಿ ದೇವಾಲಯದ ಗೋಪುರ ಸ್ಪಷ್ಟವಾಗಿ ಮೂಡುತ್ತದೆ. ಕಿರುತೆರೆ ಎದ್ದೊಡನೆ ಬಿಂಬ ಚೆದರುತ್ತದೆ. ಅಂತೆಯೇ ಒರಟಾದ ಮೇಲ್ಮೈ ಧ್ವನಿಯನ್ನು ನಾನಾ ದಿಕ್ಕಿಗೆ ಚೆದರಿಸುವುದರಿಂದ ಮೇಲಿನ ಗೆರೆ ಮಸುಕಾಗುತ್ತದೆ. ಅಮೆರಿಕದ ವೈದ್ಯರು 1984ರಲ್ಲಿಯೇ ಈ ಮಸುಕನ್ನು ಗುರುತಿಸಿ ವರದಿ ಮಾಡಿದ್ದರು. ಹೊದಿಕೆ ತೆಳುವಾಗುವುದಕ್ಕೂ ಮುನ್ನ ಗೆರೆ ಕೆಡಬಹುದು. ಶ್ರವಣಾತೀತ ಧ್ವನಿಯ ವಿಶೇಷ ಪ್ರಯೋಜನವಿರುವುದು ಇಲ್ಲಿ.

ಇರುವ ತೊಡಕುಗಳು

ಹೀಗೆಂದ ಮಾತ್ರಕ್ಕೆ ಈ ವಿಧಾನ ಸರ್ವಶಕ್ತವೆಂದು ತಿಳಿಯಬಾರದು. ಧ್ವನಿಯು ಮೇಲ್ಮೈಗೆ ಲಂಬವಾಗಿ ಬೀಳದೆ ಕೊಂಚ ಓರೆಯಾದರೂ ಪ್ರತಿಧ್ವನಿ ಬೇರೆ ಕಡೆಗೆ ಹೊರಟುಹೋಗುತ್ತದೆ. ಆಗ ಆರೋಗ್ಯವಾದ ಹೊದಿಕೆಯೂ ರೋಗಗ್ರಸ್ತವೆಂಬಂತೆ ತೋರೀತು. ಮೂಳೆಯ ಮರೆಯಲ್ಲಿರುವ ಭಾಗಗಳನ್ನು ಹೊರಗಿನಿಂದ ಕಾಣಲಾಗುವುದಿಲ್ಲ. ಇನ್ನೂ ಸೂಕ್ಷ್ಮವಾಗಿ ನೋಡಲು ಆವೃತ್ತಿಯನ್ನು ಏರಿಸಿದರೆ ಧ್ವನಿ ಬೇಗನೆ ಹೀರಲ್ಪಟ್ಟು ಆಳಕ್ಕೆ ಇಳಿಯುವುದಿಲ್ಲ. ಫಿನ್ಲೆಂಡಿನ ಕುಒಪಿಯೊ ನಗರದ ಸಂಶೋಧಕರು ಇದಕ್ಕೊಂದು ದಾರಿಯನ್ನು ಹುಡುಕಿದರು. ಹೃದಯದ ರಕ್ತನಾಳಗಳ ಒಳಗನ್ನು ನೋಡಲು ತಯಾರಿಸಿದ್ದ, ಸುಮಾರು 40 ಮೆಗಾಹರ್ಟ್ಸಿನ ತೆಳುವಾದ ಶೋಧಕವನ್ನೇ ಕೀಲಿನೊಳಕ್ಕೆ ತೂರಿಸಿ ಹೊದಿಕೆಯನ್ನು ಸಮೀಪದಿಂದ ಪರೀಕ್ಷಿಸಿದರು. ಆದರೆ ಇದಕ್ಕೆ ಸಣ್ಣದೊಂದು ಶಸ್ತ್ರಕ್ರಿಯೆ ಬೇಕು.

ಇನ್ನೊಂದು ಮಿತಿಯೂ ಉಂಟು. ಮೇಲ್ಮೈಯ ಪ್ರತಿಧ್ವನಿ ಕೊಲಾಜೆನ್ ಬಲೆ ಹರಿದುದನ್ನು ಚೆನ್ನಾಗಿ ತಿಳಿಸುತ್ತದೆ. ಬಲೆ ಗಟ್ಟಿಯಾಗಿದ್ದು ಪ್ರೋಟಿಯೋಗ್ಲೈಕಾನ್ ಮಾತ್ರ ಸೋರಿಹೋಗಿದ್ದರೆ ಅಷ್ಟಾಗಿ ತಿಳಿಸದು. ಪ್ರಯೋಗಶಾಲೆಯಲ್ಲಿ ಕಿಣ್ವಗಳಿಂದ ಒಂದೊಂದನ್ನೇ ಕರಗಿಸಿ ನೋಡಿದಾಗ ಈ ಸಂಗತಿ ಹೊರಪಟ್ಟಿತು. ಕಾಂತಕ್ಷೇತ್ರವನ್ನು ಬಳಸುವ ಎಂ.ಆರ್.ಐ. ಚಿತ್ರಣವು ಕೀಲನ್ನು ಸಮಗ್ರವಾಗಿ ತೋರಿಸಬಲ್ಲದಾದರೂ ಅದರ ಯಂತ್ರ ಭಾರಿಯಾದದ್ದು, ವೆಚ್ಚ ಹೆಚ್ಚು. ಶ್ರವಣಾತೀತ ಧ್ವನಿಯ ಉಪಕರಣವನ್ನಾದರೋ ಕೈಯಲ್ಲಿ ಹಿಡಿದು ಸಣ್ಣ ಊರಿನ ಚಿಕಿತ್ಸಾಲಯಕ್ಕೂ ಒಯ್ಯಬಹುದು. ಅದರಲ್ಲಿ ಕ್ಷ-ಕಿರಣದಂಥ ವಿಕಿರಣದ ಭಯವೂ ಇಲ್ಲ.

ಮೊದಲೇ ತಿಳಿದರೆ ಲಾಭವೇನು? ಸವೆದ ಮೃದ್ವಸ್ಥಿಯನ್ನು ಮೊದಲಿನಂತೆ ಮಾಡುವ ಔಷಧಿ ಇನ್ನೂ ದೊರೆತಿಲ್ಲ. ಆದರೆ ದೇಹದ ತೂಕವನ್ನು ತಗ್ಗಿಸಿದರೆ ಮಂಡಿಯ ಹೊರೆ ಇಳಿಯುತ್ತದೆ. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮದಿಂದ ನೋವು ಕಡಿಮೆಯಾಗಿ ನಡಿಗೆ ಸುಧಾರಿಸುತ್ತದೆ. ಇದು ಮುದುಕರ ಚಿಂತೆ ಮಾತ್ರವೆಂದು ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಕಬಡ್ಡಿಯಲ್ಲೋ ಕಾಲ್ಚೆಂಡಿನಾಟದಲ್ಲೋ ಮಂಡಿ ಉಳುಕಿ ಒಳಗಿನ ಅಸ್ಥಿರಜ್ಜು ಹರಿದ ತರುಣರಲ್ಲಿ ಹಲವರಿಗೆ ಹತ್ತು ಹದಿನೈದು ವರ್ಷಗಳಲ್ಲಿಯೇ ಈ ಬೇನೆ ಕಾಣಿಸಿಕೊಳ್ಳುತ್ತದೆ. ಇಂಥವರ ಹೊದಿಕೆಯನ್ನು ಕಾಲಕಾಲಕ್ಕೆ ಪರೀಕ್ಷಿಸುವಂತಾದರೆ ಮುಂಜಾಗ್ರತೆಗೆ ವರ್ಷಗಳೇ ದೊರೆತಾವು.

ಅದಕ್ಕೆ ಮುಂಚೆ ಮಾಡಬೇಕಾದ ಕೆಲಸವೊಂದಿದೆ. ಗೆರೆ ಎಷ್ಟು ಮಸುಕಾಗಿದೆಯೆಂಬುದನ್ನು ಇಂದು ಬಹುಮಟ್ಟಿಗೆ ಪರೀಕ್ಷಕನ ಕಣ್ಣೇ ತೀರ್ಮಾನಿಸುತ್ತದೆ. ಯಾರು ಅಳೆದರೂ ಒಂದೇ ಉತ್ತರ ಬರುವಂತೆ ಆ ಮಸುಕನ್ನು ಅಂಕಿಗೆ ಇಳಿಸಬೇಕು. ಓರೆ ಬಿದ್ದ ಅಲೆಯ ದೋಷವನ್ನು ಕಳೆಯುವುದು, ಮೇಲಿನ ಮಾಂಸ ಹೀರಿಕೊಂಡ ಅಂಶವನ್ನು ಲೆಕ್ಕಕ್ಕೆ ಹಿಡಿಯುವುದು, ಚೆದರಿದ ಧ್ವನಿಯಿಂದ ಒರಟುತನವನ್ನು ಗಣಿಸುವುದು, ಇವೆಲ್ಲ ಭೌತವಿಜ್ಞಾನದ ಪ್ರಶ್ನೆಗಳು. ತರಗತಿಯಲ್ಲಿ ನಾವು ಕಲಿಯುವ ಪ್ರತಿಫಲನದ ನಿಯಮಗಳಿಂದಲೇ ಅವುಗಳ ಉತ್ತರವನ್ನು ಹುಡುಕಲು ಆರಂಭಿಸಬೇಕಾಗಿದೆ.