ಬೆರಳಿಗೂ ಗೊತ್ತು, ಕಡಜಕ್ಕೂ ಗೊತ್ತು, ಯಂತ್ರಕ್ಕೆ?

ಬೀದರ್ ಜಿಲ್ಲೆಯ ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭು ಸಂಸ್ಥಾನದ ಅಂಧ ಮಕ್ಕಳ ಶಾಲೆಯಿದೆ. ಬುದ್ಧಿಯ ಮಾತು ಬಂದರೆ ಈಗ ಎಲ್ಲರೂ ಕಂಪ್ಯೂಟರ್ ಕಡೆ ತಿರುಗುತ್ತಾರೆ. ನಾವು ಅಂಥ ಶಾಲೆಯಲ್ಲಿ ಬ್ರೈಲ್ ಓದುವ ಬೆರಳಿನಿಂದ ಶುರು ಮಾಡೋಣ.

‘ಶ್ರೀ’ ಎಂಬ ಒಂದೇ ಅಕ್ಷರ ತೆಗೆದುಕೊಳ್ಳಿ. ಬ್ರೈಲಿನ ಒಂದು ಮನೆಯಲ್ಲಿ ಆರು ಚುಕ್ಕಿಗಳಿಗೆ ಜಾಗ. ಅವುಗಳಿಂದ 63 ಗುರುತುಗಳು. ನಮ್ಮ ಭಾಷೆಗಳ ಬ್ರೈಲ್ ಪದ್ಧತಿಯಾದ ಭಾರತಿ ಬ್ರೈಲಿನಲ್ಲಿ ‘ಶ್ರೀ’ಗೆ ನಾಲ್ಕು ಮನೆ ಬೇಕು: ಮೊದಲು ಹಲಂತದ (ವ್ಯಂಜನದ ಸ್ವರ ಕಳೆಯುವ ಗುರುತಿನ) ಚುಕ್ಕಿ, ಆಮೇಲೆ ಶ, ರ, ಕೊನೆಗೆ ಈ. ಒತ್ತಕ್ಷರ ಬರುತ್ತಿದೆ ಎಂದು ಬೆರಳಿಗೆ ಮುಂಚೆಯೇ ಸುಳಿವು ಸಿಗುತ್ತದೆ. ಕಣ್ಣಿನಿಂದ ಓದುವವರಿಗೆ ಆ ಅನುಕೂಲವಿಲ್ಲ. ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು ಬ್ರೈಲ್ ಓದುವಾಗ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವೇ ಚುರುಕಾಗುತ್ತದೆ ಎಂದು 1996ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಖಾಲಿ ಬಿದ್ದ ಜಾಗವನ್ನು ಮಿದುಳು ಬೇರೆ ಕೆಲಸಕ್ಕೆ ಹಚ್ಚುತ್ತದೆ.

ಹುಳುವಿನ ಮಿದುಳು ತೀರಾ ಚಿಕ್ಕದು. ಆದರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಮತ್ತು ಸಂಗಡಿಗರು ಕಡಜದ ಗೂಡುಗಳಲ್ಲಿ ಕಂಡದ್ದು ಕೇಳಿ. ರಾಣಿಯನ್ನು ತೆಗೆದರೆ ಒಂದು ಕೆಲಸಗಾರ ಹುಳು ತಕ್ಷಣ ಜೋರು ತೋರಿಸಿ, ಕೆಲವೇ ದಿನಗಳಲ್ಲಿ ಮೊಟ್ಟೆಯಿಡುತ್ತದೆ. ಮುಂದಿನ ರಾಣಿ ಯಾರೆಂದು ವಿಜ್ಞಾನಿಗಳಿಗೆ ಮೊದಲೇ ಗುರುತಿಸಲಾಗಲಿಲ್ಲ, ಕಡಜಗಳಿಗೆ ಗೊತ್ತಿದ್ದಂತಿತ್ತು! 2008ರ ಅವರ ಪ್ರಬಂಧದ ತಿರುಳೇ ಇದು.

ಇನ್ನು ಯಂತ್ರ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲೂ ‘ಶ್ರೀ’ಗೆ ನಾಲ್ಕು ಸಂಕೇತ, ಆದರೆ ಹಲಂತ ಶಕಾರದ ನಂತರ. ಅವನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 12. ಚಾಟ್‌ಜಿಪಿಟಿಯಂಥ ಭಾಷಾ ಮಾದರಿ ಇವನ್ನು ಟೋಕನ್‌ಗಳೆಂಬ ತುಣುಕುಗಳಾಗಿಸಿ, ಮುಂದೆ ಯಾವ ತುಣುಕು ಬರಬಹುದೆಂದು ಲೆಕ್ಕ ಹಾಕುತ್ತದೆ. ಅದನ್ನು ಪಳಗಿಸಿದ್ದು ಬಹುಪಾಲು ಇಂಗ್ಲಿಷ್ ಪಠ್ಯದಿಂದ. ಹಾಗಾಗಿ ಕನ್ನಡ ಪದ ಹೆಚ್ಚು ಚೂರಾಗುತ್ತದೆ, ಬೀದರಿನ ಆಡುಮಾತಿನಲ್ಲಂತೂ ಯಂತ್ರ ತಡವರಿಸುವುದೇ ಹೆಚ್ಚು. ಲೆಕ್ಕದಿಂದಲೇ ಇಷ್ಟು ಸಾಧಿಸುವುದು ಸಣ್ಣ ಮಾತಲ್ಲ. ಆದರೆ ಬೆರಳು ತಪ್ಪಿದರೆ ಓದುವವನಿಗೆ ವಾಕ್ಯ ಕೂಡುವುದಿಲ್ಲ, ಅವನು ಹಿಂದಕ್ಕೆ ಹೋಗಿ ತಡವುತ್ತಾನೆ. ಯಂತ್ರವೋ ತಪ್ಪನ್ನೂ ಸರಿಯಷ್ಟೇ ನಯವಾಗಿ ಹೇಳಿಬಿಡುತ್ತದೆ.

ಪರೀಕ್ಷಿಸುವುದು ಸುಲಭ. ಮಾಣಿಕನಗರದ ಸಂತ ಮಾಣಿಕಪ್ರಭುಗಳು ಹುಟ್ಟಿದ ಊರು, ಇಸವಿ ಯಂತ್ರವನ್ನು ಕೇಳಿ ನೋಡಿ. ಬಸವಕಲ್ಯಾಣ ಬಳಿಯ ಲಾಡವಂತಿ, 1817 ಎಂದು ಬರಬೇಕು. ಸರಿ ಬಂದರೂ ಎಲ್ಲಕ್ಕೂ ಯಂತ್ರವನ್ನೇ ನಂಬಬೇಡಿ: ಔಷಧದ ಪ್ರಮಾಣ, ಬೆಳೆಗೆ ಹೊಡೆಯುವ ಎಣ್ಣೆಯ ಅಳತೆ ಮಾತ್ರ ವೈದ್ಯರನ್ನು, ಕೃಷಿ ಅಧಿಕಾರಿಯನ್ನು ಕೇಳಿಯೇ ಬಳಸಿ.