ಒಂದು ನಿಮಿಷದ ಎಣಿಕೆ

ಬಾಣಂತಿಯ ಮನೆಗೆ ಬಂದ ಆಶಾ ಕಾರ್ಯಕರ್ತೆ ಕೂಸಿನ ಅಂಗಿ ಮೇಲೆ ಸರಿಸಿ, ಗಡಿಯಾರ ಹಿಡಿದು, ಪೂರ್ತಿ ಒಂದು ನಿಮಿಷ ಅದರ ಹೊಟ್ಟೆಯನ್ನೇ ನೋಡುತ್ತ ಕೂರುತ್ತಾರೆ. ವಿಜಯಪುರ ಸೀಮೆಯ ಇಂಡಿಯ ಲಿಂಬೆ ತೋಟದ ವಸ್ತಿಯಲ್ಲಾಗಲಿ, ಬಸವನ ಬಾಗೇವಾಡಿಯ ಓಣಿಯಲ್ಲಾಗಲಿ, ನೋಡುವವರಿಗೆ ಇದೊಂದು ವೈದ್ಯಕೀಯ ಕೆಲಸ ಅಂತಲೇ ಅನ್ನಿಸುವುದಿಲ್ಲ. ಸೂಜಿಯಿಲ್ಲ, ಗುಳಿಗೆಯಿಲ್ಲ. ಆದರೆ 2011ರಲ್ಲಿ ದೇಶದಲ್ಲಿ ಶುರುವಾದ ಮನೆಯಲ್ಲೇ ನವಜಾತ ಶಿಶು ಆರೈಕೆ ಕಾರ್ಯಕ್ರಮ ಅವರಿಗೆ ಕಲಿಸಿದ ಮುಖ್ಯ ಕೆಲಸಗಳಲ್ಲಿ ಇದೂ ಒಂದು. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೂ 3, 7, 14, 21, 28 ಮತ್ತು 42ನೆಯ ದಿನ ಅವರು ಮನೆಗೆ ಬರಬೇಕು.

ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ ಅಥವಾ ಹೆಚ್ಚು ಉಸಿರಾಡಿದರೆ, ಮತ್ತೊಮ್ಮೆ ಎಣಿಸಿದಾಗಲೂ ಅಷ್ಟೇ ಬಂದರೆ, ಅದು ಅಪಾಯದ ಸೂಚನೆ. ವರ್ಷದೊಳಗಿನ ಮಗುವಿಗೆ ಈ ಗೆರೆ 50, ಐದು ವರ್ಷದೊಳಗೆ 40. ನ್ಯುಮೋನಿಯಾದಲ್ಲಿ ಶ್ವಾಸಕೋಶ ಬಿಗಿಯಾಗಿ ಸಲೀಸಾಗಿ ಹಿಗ್ಗುವುದಿಲ್ಲ. ಆಳವಾಗಿ ಎಳೆಯಲಾರದ ಮಗು ಸಣ್ಣ ಸಣ್ಣ ಉಸಿರನ್ನೇ ಹೆಚ್ಚು ಸಲ ಎಳೆದು ಸರಿದೂಗಿಸುತ್ತದೆ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ನಡೆಯುವುದಿಲ್ಲ. ಎಳೆಗೂಸು ನಾಲ್ಕಾರು ಉಸಿರು ಬೇಗ ಬೇಗ ತೆಗೆದು, ನಡುವೆ ತುಸು ನಿಲ್ಲಿಸಿ, ಮತ್ತೆ ಶುರು ಮಾಡುತ್ತದೆ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ್ದೂ ಲೆಕ್ಕಕ್ಕಿಲ್ಲ.

ರೋಗಿಯ ಸ್ಥಿತಿ ತಿಳಿಯಲು ಅಳೆಯುವುದು ಉಷ್ಣತೆ, ನಾಡಿ, ಉಸಿರು, ರಕ್ತದೊತ್ತಡ: ಈ ನಾಲ್ಕಕ್ಕೆ ಈಗ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿಯೂ ಸೇರಿದೆ. ಜಪಾನಿನ ತಾಕುವೊ ಅಒಯಾಗಿ 1974ರಲ್ಲಿ ಕಂಡುಕೊಂಡ ಉಪಾಯ ಅದು. ಇವುಗಳಲ್ಲಿ ಉಪಕರಣವೇ ಬೇಡದ ಉಸಿರಿಗೇ ದೊಡ್ಡವರ ವಿಷಯದಲ್ಲಿ ಕಡಿಮೆ ಮರ್ಯಾದೆ. ಅಂದಾಜಿಗೆ 18 ಅಥವಾ 20 ಎಂದು ಬರೆದು ಮುಂದೆ ಹೋಗುವ ರೂಢಿ ಹಲವು ದೇಶಗಳಲ್ಲಿ ಇದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್ 2012ರಲ್ಲಿ ರೂಪಿಸಿದ ಅಪಾಯದ ಅಂಕಪಟ್ಟಿಯಲ್ಲಿ ಉಸಿರು ನಿಮಿಷಕ್ಕೆ 25 ಮುಟ್ಟಿದರೆ, ಒಂದು ಲಕ್ಷಣಕ್ಕೆ ಕೊಡಬಹುದಾದ ಪೂರ್ತಿ 3 ಅಂಕ. ಎಣಿಸುವುದಕ್ಕೊಂದು ಹಳೆಯ ಯುಕ್ತಿ ಇದೆ: ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದುಕೊಂಡು ಎದೆ ನೋಡಿ. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಯಾರ ಉಸಿರೂ ಮೊದಲಿನಂತೆ ಇರುವುದಿಲ್ಲ.

ಬಿಪಿಗೆ ಮರ್ಯಾದೆ ಹೆಚ್ಚು, ತಪ್ಪುಗಳೂ ಹೆಚ್ಚು. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಹೆಣ್ಣುಕುದುರೆಯೊಂದರ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲೆ ಏರಿತ್ತು. ಅದನ್ನು ಆತ ಪ್ರಕಟಿಸಿದ್ದು 1733ರಲ್ಲಿ. ಮನುಷ್ಯರ ಮೇಲೆ ಇಂಥದ್ದು ನಡೆಯುವ ಮಾತಲ್ಲ. 1896ರಲ್ಲಿ ಇಟಲಿಯ ರೀವಾ-ರೋಚಿ ತೋಳಿಗೆ ಗಾಳಿಪಟ್ಟಿ ಕಟ್ಟಿದರು. 1905ರಲ್ಲಿ ರಷ್ಯದ ಕೊರೊಟ್ಕೊಫ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಪಟ್ಟಿ ಬಿಗಿದಾಗ ರಕ್ತನಾಳ ಮುಚ್ಚಿ ಸದ್ದಡಗುತ್ತದೆ; ಗಾಳಿ ಬಿಡುತ್ತ ಬಂದಂತೆ ರಕ್ತ ನುಗ್ಗಿ ಟಕ್ ಟಕ್ ಸದ್ದು ಶುರುವಾಗುವುದು ಮೇಲಿನ ಅಂಕಿ, ರಕ್ತ ಸರಾಗವಾಗಿ ಹರಿದು ಸದ್ದು ಮಾಯವಾಗುವುದು ಕೆಳಗಿನ ಅಂಕಿ.

ಸಂತೆಗೆ ಬಂದವರು ಮುದ್ದೇಬಿಹಾಳದ ಬಸ್ಸಿಳಿದು, ಚಹಾ ಕುಡಿದು, ಬಾಯಲ್ಲಿ ತಂಬಾಕು ಇಟ್ಟುಕೊಂಡೇ ತೋಳು ಚಾಚಿದರೆ ಬರುವ ಅಂಕಿಯನ್ನು ನಂಬುವುದು ಹೇಗೆ? ಚಹಾ, ತಂಬಾಕು ಮುಗಿದು ಅರ್ಧ ತಾಸಾಗಿರಬೇಕು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಮಾತಿಲ್ಲದೆ ಕೂತಿರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. 10 ಸೆಂಟಿಮೀಟರ್ ಕೆಳಗೆ ಜೋತುಬಿದ್ದರೆ ರಕ್ತದ ಕಂಬದ ಭಾರಕ್ಕೇ ಅಂಕಿ ಏಳೆಂಟು ಏರುತ್ತದೆ. ಹೆಂಗಸರ ವಿಷಯದಲ್ಲಿ ಇನ್ನೊಂದು ತೊಡಕು. ಕುಬುಸದ ಬಿಗಿ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಒಂದು ಕಟ್ಟಾಗುತ್ತದೆ. ಮರೆಗೊಂದು ಪರದೆ, ತೋಳು ಸಡಿಲಿಸಿಕೊಳ್ಳಲು ಒಂದು ಗಳಿಗೆ ಕೊಡದೆ ಅಳೆದು, ಜೀವನಪೂರ್ತಿ ನುಂಗುವ ಗುಳಿಗೆ ಬರೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಿಂದ ಈಗಷ್ಟೇ ಬಂದವರ ಹಣೆಗೆ ಥರ್ಮಾಮೀಟರ್ ಗನ್ ಹಿಡಿದರೆ ಅದು ಕಾದ ಚರ್ಮವನ್ನು ಅಳೆಯುತ್ತದೆ; ನೆರಳಲ್ಲಿ ತುಸು ಹೊತ್ತು ಕೂರಿಸಿ ನೋಡಬೇಕು. ಆದರೆ ಬಂದವರು ತೊದಲುತ್ತಿದ್ದರೆ, ಗುರುತು ಹಿಡಿಯದಿದ್ದರೆ ಕಾಯುವ ಪ್ರಶ್ನೆಯಿಲ್ಲ. ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ವಾಹನ ಕರೆಸಬೇಕು.

ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಓದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಡೆಂಗೀಗಿಂತ ಕಟುವಾದ ಉದಾಹರಣೆ ನನಗೆ ಗೊತ್ತಿಲ್ಲ. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುತ್ತದೆ. "ಜ್ವರಾ ಬಿಡ್ತು ಬಿಡ್ರಿ, ಇನ್ನೇನ ಚಿಂತಿಲ್ಲ" ಎಂದು ಮನೆಯವರು ಹಗುರಾಗುತ್ತಾರೆ. ಕೆಲವರಲ್ಲಿ ಅಪಾಯ ಶುರುವಾಗುವುದೇ ಆಗ. ಸೂಕ್ಷ್ಮ ರಕ್ತನಾಳಗಳಿಂದ ರಕ್ತದ ನೀರಿನಂಶ ಸೋರುತ್ತದೆ. ಒತ್ತಡ ಬೀಳದಂತೆ ದೇಹ ನಾಳಗಳನ್ನು ಬಿಗಿಮಾಡುತ್ತದೆ, ಹೃದಯ ಓಡತೊಡಗುತ್ತದೆ. ಆಗ ಬಿಪಿ 100/80 ಇರಬಹುದು. ಮೇಲುನೋಟಕ್ಕೆ ಒಳ್ಳೆಯ ಅಂಕಿಯೇ! ಆದರೆ ಎರಡರ ನಡುವಿನ ಅಂತರ 20ಕ್ಕೆ ಇಳಿದಿದೆ. ಕೈಕಾಲು ತಣ್ಣಗಿವೆ; ಉಗುರು ಒತ್ತಿ ಬಿಟ್ಟರೆ ಕೆಂಪು ಮರಳಲು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿದೆ. ರೋಗಿ ಮಾತ್ರ ಎಚ್ಚರವಾಗಿದ್ದು, ಕೇಳಿದ್ದಕ್ಕೆ ಉತ್ತರ ಕೊಡುತ್ತಿರುತ್ತಾನೆ.

ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ಮೂರೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿಂದ ವಿಜಯಪುರದ ದೊಡ್ಡ ಆಸ್ಪತ್ರೆಗೆ ಸುಮಾರು 40ರಿಂದ 80 ಕಿಲೋಮೀಟರ್ ದಾರಿ. 108ರ ವಾಹನದಲ್ಲಿ ರೋಗಿಯ ಜೊತೆ ಹೋಗುವ ಚೀಟಿಯಲ್ಲಿ ಬರೀ "ಬಿಪಿ 100/80, ಜ್ವರ ಇಲ್ಲ" ಎಂದಿದ್ದರೆ ಅಲ್ಲಿಯವರಿಗೆ ತಿಳಿಯುವುದು ಅಷ್ಟಕ್ಕಷ್ಟೇ. "ಬೆಳಿಗ್ಗೆ 6ಕ್ಕೆ ನಾಡಿ 88, ಬಿಪಿ 110/70, 10ಕ್ಕೆ ನಾಡಿ 120, ಬಿಪಿ 100/80, ಉಸಿರು 26" ಎಂದಿದ್ದರೆ ರೋಗಿ ಬಾಗಿಲಲ್ಲಿ ಇಳಿಯುವ ಮೊದಲೇ ಸಲೈನ್ ಸಿದ್ಧವಾಗಿರುತ್ತದೆ.