ಕಡಲೊಳಗಿನ ಗುಡಿ

ಕ್ರಿಕೆಟ್ ಆಟವನ್ನು ಬಲ್ಲವರಿಗೆ ಟ್ರಿನಿಡಾಡ್ ಎಂಬ ಹೆಸರು ಹೊಸದಲ್ಲ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ತೀರ ದಕ್ಷಿಣದ್ದು ಇದು. ಇದರ ಪಶ್ಚಿಮ ತೀರದಲ್ಲಿ ವಾಟರ್‌ಲೂ ಎಂಬ ಹಳ್ಳಿಯಿದೆ. ಅಲ್ಲಿ ದಡದಿಂದ ಹೊರಟ ಕಿರುದಾರಿಯೊಂದು ಕಡಲನ್ನು ಹೊಕ್ಕು ಒಂದು ಹಿಂದೂ ದೇವಾಲಯವನ್ನು ಸೇರುತ್ತದೆ. ಉಬ್ಬರದ ವೇಳೆಯಲ್ಲಿ ಗುಡಿಯ ಸುತ್ತ ನೀರು; ಇಳಿತದ ವೇಳೆಯಲ್ಲಿ ಬರಿಯ ಕೆಸರು. ದಡದಲ್ಲಿ ಬೇಕಾದಷ್ಟು ಬಯಲಿರುವಾಗ ಗುಡಿ ಕಡಲಿಗೆ ಇಳಿದುದೇಕೆ?

ಇದಕ್ಕೆ ಉತ್ತರ ಬೇಕಾದರೆ ನಾವು ಕಬ್ಬಿನ ತೋಟಗಳ ಕಥೆಯನ್ನು ಅರಿಯಬೇಕು. 1838ರಲ್ಲಿ ಬ್ರಿಟಿಷ್ ವಸಾಹತುಗಳ ಗುಲಾಮರು ಪೂರ್ಣವಾಗಿ ಬಂಧಮುಕ್ತರಾದರು. ತೋಟದ ಒಡೆಯರಿಗೆ ಅಗ್ಗದ ಆಳುಗಳು ಬೇಕಾದರು. 1845ರ ಮೇ 30ರಂದು ‘ಫಾತೆಲ್ ರಜಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಭಾರತೀಯರನ್ನು ಅಲ್ಲಿಗೆ ತಂದಿಳಿಸಿತು. 1917ರ ವೇಳೆಗೆ ಹೀಗೆ ಬಂದವರು 1,40,000ಕ್ಕೂ ಮಿಕ್ಕಿದ್ದರು. ಇವರಲ್ಲಿ ಬಹುಮಂದಿ ಇಂದಿನ ಉತ್ತರ ಪ್ರದೇಶ ಮತ್ತು ಬಿಹಾರಗಳವರು. ಮದರಾಸಿನಿಂದ ಹಡಗು ಹತ್ತಿದವರೂ ಉಂಟು. ಕರಾರಿನ ಅವಧಿಯಲ್ಲಿ ಅಪ್ಪಣೆಚೀಟಿಯಿಲ್ಲದೆ ತೋಟವನ್ನು ದಾಟುವಂತಿರಲಿಲ್ಲ. ಅವಧಿ ಮುಗಿದ ಮೇಲೆ ಕೆಲವರಿಗೆ ಮರುಪ್ರಯಾಣದ ಹಕ್ಕಿಗೆ ಬದಲಾಗಿ ತುಂಡು ಭೂಮಿ ದೊರೆಯಿತು. ಉಳಿದವರು ದುಡಿದ ನೆಲವೂ, ಎಷ್ಟೋ ವೇಳೆ ಮಲಗಿದ ನೆಲವೂ ಪರರದೇ.

ಆದುದರಿಂದ ಅವರ ದೇವರು ಮೊದಲು ನೆಲೆಸಿದುದು ಮನೆಯ ಅಂಗಳದಲ್ಲಿ. ಪೂಜೆ ಮುಗಿದ ಬಳಿಕ ಎತ್ತರದ ಬಿದಿರಿನ ಗಳುವಿಗೆ ಬಟ್ಟೆ ಕಟ್ಟಿ ನೆಡುತ್ತಿದ್ದರು. ಹನುಮಂತನಿಗೆ ಕೆಂಪು ಬಾವುಟ. ಇಂದಿಗೂ ಅಲ್ಲಿ ಹಿಂದೂಗಳ ಮನೆಯನ್ನು ದೂರದಿಂದಲೇ ಗುರುತಿಸಲು ಈ ಬಾವುಟಗಳೇ ಸಾಕು. ಬಾವುಟಕ್ಕೆ ಒಂದು ಗೇಣು ನೆಲ ಸಾಕು. ಊರಿನವರೆಲ್ಲ ಕೂಡುವ ಗುಡಿಗೆ ಸಾಲದು.

ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಭಾರತದಿಂದ ಬಂದಿದ್ದ ಶಿವದಾಸ ಸಾಧು ಎಂಬ ಕೂಲಿಕಾರನು 1947ರಲ್ಲಿ ವಾಟರ್‌ಲೂ ದಡದಲ್ಲಿ ಗುಡಿಯೊಂದನ್ನು ಕಟ್ಟಿದನು. ಆ ನೆಲ ಸಕ್ಕರೆ ಕಂಪನಿಯದು. ಐದು ವರ್ಷ ಪೂಜೆ ನಡೆಯಿತು. 1952ರಲ್ಲಿ ಗುಡಿಯನ್ನು ಕೆಡವಬೇಕೆಂಬ ಆಜ್ಞೆಯಾಯಿತು. ತನ್ನ ಕೈಯಿಂದ ಅದನ್ನು ಕೆಡವಲು ಆತನು ಒಪ್ಪಲಿಲ್ಲ. ನ್ಯಾಯಾಲಯ ಆತನಿಗೆ ದಂಡವನ್ನೂ 14 ದಿನಗಳ ಸೆರೆವಾಸವನ್ನೂ ವಿಧಿಸಿತು, ಗುಡಿ ನೆಲಸಮವಾಯಿತು. ಕಾನೂನಿನ ದೃಷ್ಟಿಯಿಂದ ಕಂಪನಿಯ ವಾದ ಸರಿಯಿದ್ದೀತು. ಆದರೆ ಆ ನೆಲವನ್ನು ತಲೆಮಾರುಗಳ ಕಾಲ ಹಸನು ಮಾಡಿದವರು ಯಾರೆಂಬ ಪ್ರಶ್ನೆಯನ್ನು ಕಾನೂನು ಕೇಳಲಿಲ್ಲ.

ಸೆರೆಯಿಂದ ಹೊರಬಂದ ಸಾಧುವು ಕಂಪನಿಯ ಒಡೆತನ ಸಲ್ಲದ ತಾಣವೊಂದನ್ನು ಕಂಡುಕೊಂಡನು. ಅದೇ ಕಡಲು! ಒಂದು ಸೈಕಲ್ಲು, ಎರಡು ಬಕೆಟ್ಟುಗಳು. ಇವೇ ಆತನ ಮುಖ್ಯ ಸಲಕರಣೆಗಳು. ನೀರು ಇಳಿದಾಗ ಕಲ್ಲು, ಮರಳು, ಸಿಮೆಂಟುಗಳನ್ನು ಹೊತ್ತು ಕೆಸರಿಗೆ ಇಳಿಯುವನು. ಪೀಪಾಯಿಗಳನ್ನು ಹೂಳಿ ಕಾಂಕ್ರೀಟು ತುಂಬುವನು. ಉಬ್ಬರ ಬರುವ ಮುನ್ನ ಹಿಂದಿರುಗುವನು. ಅಲೆಗಳು ಕೊಚ್ಚಿದುದನ್ನು ಮರಳಿ ತುಂಬಬೇಕು. ಹಲವರು ಇದನ್ನು ಹುಚ್ಚೆಂದು ನಕ್ಕರು. ವರ್ಷಗಳು ಉರುಳಿದಂತೆ ದಾರಿ ಸುಮಾರು 500 ಅಡಿ ಮುಂದೆ ಸಾಗಿತು. ಅದರ ತುದಿಯಲ್ಲಿ ಗುಡಿ ಎದ್ದಿತು.

ಸಾಧುವಿನ ಮರಣಾನಂತರ ಕಡಲು ತನ್ನ ಕೆಲಸ ಮಾಡಿತು, ಗೋಡೆಗಳು ಶಿಥಿಲವಾದವು. ಭಾರತೀಯರು ಬಂದಿಳಿದ 150ನೆಯ ವರ್ಷವಾದ 1995ರಲ್ಲಿ ಸರ್ಕಾರದ ನೆರವಿನಿಂದ ಅದೇ ತಾಣದಲ್ಲಿ ಎಂಟು ಮೂಲೆಗಳ ಹೊಸ ಗುಡಿ ನಿಂತಿತು. ಸಾಧುವಿನ ಪ್ರತಿಮೆಯೂ ಅಲ್ಲಿದೆ. ಸಮೀಪದ ದಡದಲ್ಲಿ ಈಗ ಹಿಂದೂಗಳ ಚಿತೆಗಳು ಉರಿಯುತ್ತವೆ; ಬೂದಿಯನ್ನು ಬಂಧುಗಳು ಅದೇ ಕಡಲಿಗೆ ಬಿಡುತ್ತಾರೆ.